ತೂಕದ ಅನ್ನ, ಹೆಚ್ಚಿನ ಗಂಟೆ, ಶೂನ್ಯ ಟಿಕೆಟ್

ಅಕ್ಕೋರನ್ನು ಕೇಳಿ: ಓದುಗರ ಪ್ರಶ್ನೆ, ನಿವೃತ್ತ ಶಿಕ್ಷಕಿಯ ಉತ್ತರ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ ಹಿಡಿದು ಬಂದಿವೆ. ಎಲ್ಲರಿಗೂ ಒಂದೇ ಸಮ ಕೊಡಬೇಕೋ (ಸಮಾನತೆ), ಅವರವರಿಗೆ ಬೇಕಾದಷ್ಟು ಕೊಡಬೇಕೋ (ಸಮತೆ)? ಮಕ್ಕಳಿಗೆ ಇದನ್ನು ಹೇಗೆ ಹೇಳುವುದು? ಮಗನ ಮೊಬೈಲ್ ಚಟ, ಮಗಳ ಕೈಬರಹ ಅಂತ ಬರೆದವರು ದಯವಿಟ್ಟು ಒಂದು ತಿಂಗಳು ತಾಳಿ.

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನಾನು ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳುತ್ತೇನೆ. ತರಬೇತಿಯಲ್ಲಿ ಈಕ್ವಾಲಿಟಿ ಬೇರೆ, ಈಕ್ವಿಟಿ ಬೇರೆ, ಇದನ್ನು ಮಕ್ಕಳಿಗೆ ಮನವರಿಕೆ ಮಾಡಿಕೊಡಿ ಎಂದು ಹೇಳಿ ಕಳಿಸಿದರು. ಬೋರ್ಡಿನ ಮೇಲೆ ಸಮಾನತೆ, ಸಮತೆ ಎಂದು ಬರೆದು ಎರಡೆರಡು ಸಾಲಿನ ವ್ಯಾಖ್ಯೆ ಕೊಟ್ಟೆ. ಮರುದಿನ ಎಲ್ಲರೂ ಬಾಯಿಪಾಠ ಒಪ್ಪಿಸಿದರು. ಯಾರಿಗೂ ಅರ್ಥ ಆಗಿಲ್ಲ. ಎಲ್ಲಿಂದ ಶುರು ಮಾಡಲಿ?
(ಶಿಕ್ಷಕಿ, ಕುಷ್ಟಗಿ ತಾಲ್ಲೂಕು)

ಉತ್ತರ: ಬಿಸಿಯೂಟದಿಂದ ಶುರು ಮಾಡಿ. ವ್ಯಾಖ್ಯೆ ಕೊನೆಗೆ ಬಂದರೂ ನಡೆಯುತ್ತದೆ, ಬರದಿದ್ದರೂ ನಡೆಯುತ್ತದೆ.

ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರಿಗೆ 150 ಗ್ರಾಂ. ಇದು ಸರ್ಕಾರದ ಲೆಕ್ಕ. ದಾಸ್ತಾನು ಪುಸ್ತಕ ಬರೆಯುವ ನಿಮಗೆ ಇದು ಕಂಠಪಾಠ ಇರುತ್ತದೆ, ಮಕ್ಕಳಿಗೆ ಗೊತ್ತಿರುವುದಿಲ್ಲ. ಅಡುಗೆಯಕ್ಕನನ್ನು ಕೇಳಿ ತಕ್ಕಡಿ ತನ್ನಿ. ಮಕ್ಕಳ ಕೈಯಿಂದಲೇ ಒಂದು ತಟ್ಟೆಗೆ 100 ಗ್ರಾಂ, ಇನ್ನೊಂದಕ್ಕೆ 150 ಗ್ರಾಂ ಅಕ್ಕಿ ತೂಗಿಸಿ. ಪಕ್ಕಪಕ್ಕ ಇಡಿ. ಆಮೇಲೆ ಕೇಳಿ, "ಸಣ್ಣವರಿಗೆ ಇದು ಮೋಸ ಅಲ್ಲೇನು?" ನಿಮ್ಮ ಏಳನೇ ತರಗತಿಯವರು ತಮ್ಮ ತಟ್ಟೆಯ ಪರ ವಕೀಲರಂತೆ ವಾದಕ್ಕೆ ನಿಲ್ಲುತ್ತಾರೆ. "ಅವ್ರ ಹೊಟ್ಟಿಗೆ ಅಷ್ಟು ಸಾಕ್ರಿ" ಅನ್ನುತ್ತಾರೆ. ಅನ್ನಲಿ.

ಆಗ ಎರಡನೇ ಪ್ರಶ್ನೆ ಹಾಕಿ. "ಸರಿ, ಹಾಗಾದರೆ ಒಂದು ಓಣಿಯ ಮಕ್ಕಳಿಗೆ ಜಾಸ್ತಿ ಸಾರು, ಇನ್ನೊಂದು ಓಣಿಯವರಿಗೆ ಕಡಿಮೆ ಹಾಕಿದರೆ? ಯಾರನ್ನೋ ಎಬ್ಬಿಸಿ ಬೇರೆ ಕೂರಿಸಿದರೆ?" ಪಂಕ್ತಿಭೇದ ಏನು ಅಂತ ನಮ್ಮ ಕಡೆ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ, ನೋಡಿಯೇ ಬೆಳೆದಿರುತ್ತಾರೆ. ಅದೂ ಹೆಚ್ಚುಕಡಿಮೆ ಬಡಿಸುವುದೇ, ಇದೂ ಹೆಚ್ಚುಕಡಿಮೆ ಬಡಿಸುವುದೇ. ಒಂದು ಸರಿ ಯಾಕೆ, ಇನ್ನೊಂದು ತಪ್ಪು ಯಾಕೆ? ಒಂದಕ್ಕೆ ಹೊಟ್ಟೆ ಕಾರಣ, ಇನ್ನೊಂದಕ್ಕೆ ಹುಟ್ಟು ಕಾರಣ. ಇಷ್ಟು ಅವರ ಬಾಯಿಂದಲೇ ಬಂದರೆ ಅರ್ಧ ಪಾಠ ಆದಂತೆ. ಬೇರೆ ಬೇರೆ ಕೊಟ್ಟಾಗ "ಯಾಕೆ" ಎಂದು ಕೇಳುವುದನ್ನು ಕಲಿಸಬೇಕು, ಅಷ್ಟೇ.

ಉಳಿದರ್ಧಕ್ಕೆ ಚೀಟಿ ಆಟ ಆಡಿಸಿ. ಒಂದೊಂದು ಚೀಟಿಯಲ್ಲಿ ಒಂದೊಂದು ವಿಷಯ ಬರೆಯಿರಿ: ಮತ, ಕುಡಿಯುವ ನೀರು, ಕನ್ನಡಕ, ಮೊದಲ ಬೆಂಚು, ಶೂ, ಶಿಕ್ಷೆ, ಆಟದ ಪೀರಿಯಡ್, ಹೋಟೆಲಿನ ಲೋಟ, ಟೀಚರ್ ಕೂಡಿಸಿಕೊಂಡು ಹೇಳಿಕೊಡುವ ಸಮಯ. ಗೋಡೆಗೆ ಎರಡು ಹಾಳೆ ಅಂಟಿಸಿ. ಒಂದರ ಮೇಲೆ "ಎಲ್ಲರಿಗೂ ಒಂದೇ", ಇನ್ನೊಂದರ ಮೇಲೆ "ಬೇಕಾದವರಿಗೆ ಬೇಕಾದಷ್ಟು". ಮಕ್ಕಳು ಚೀಟಿ ಎತ್ತಿ ಯಾವ ಹಾಳೆಗೆ ಎಂದು ತೀರ್ಮಾನಿಸಲಿ. ಮತ, ನೀರು, ಲೋಟ ಮೊದಲನೆಯದಕ್ಕೆ ಹೋಗುತ್ತವೆ, ಕನ್ನಡಕ ಎರಡನೆಯದಕ್ಕೆ. ಶೂ ಬಂದಾಗ ಗಲಾಟೆ ಶುರು. ಎಲ್ಲರಿಗೂ ಒಂದೊಂದು ಜೊತೆ ಎಂದರೆ ಒಂದೇ ಸಮ. ಆದರೆ ಎಲ್ಲರಿಗೂ ಐದನೇ ನಂಬರ್ ತರಿಸಿದರೆ? ಈ ಗಲಾಟೆಗೇ ನೀವು ಆ ಪೀರಿಯಡ್ ಇಟ್ಟುಕೊಂಡದ್ದು, ಬೇಗ ಮುಗಿಸಬೇಡಿ.

ನಾನು ಕೊಪ್ಪಳ ಕಡೆ ಕೆಲಸ ಮಾಡುವಾಗ ಒಂದು ತರಗತಿ "ಶಿಕ್ಷೆ" ಎಂಬ ಚೀಟಿಯ ಮೇಲೆ ಸಿಕ್ಕಿಬಿತ್ತು. ಮೊದಲಿಗೆ ಎಲ್ಲರೂ "ಒಂದೇ, ಒಂದೇ" ಎಂದು ಕೂಗಿದರು. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು: ಬೆಳಿಗ್ಗೆ ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ ತಡವಾಗಿ ಬರುವವನೂ ಹೊರಗೆ ನಿಲ್ಲಬೇಕಾ? ಅವಳು ಹೇಳಿದ ಹುಡುಗ ಅಲ್ಲೇ ಹಿಂದೆ ಕೂತಿದ್ದ, ಕಿವಿ ಕೆಂಪಗೆ ಮಾಡಿಕೊಂಡು. ಅವನ ಅಪ್ಪ ದುಡಿಯಲು ಮಂಗಳೂರಿಗೆ ಹೋಗಿದ್ದರು, ಮನೆಯ ಎಮ್ಮೆ ಅವನ ಪಾಲಿಗೆ ಬಂದಿತ್ತು. ತರಗತಿ ಅವನ ಕಡೆ ವಾಲಿತು. ಅಷ್ಟರಲ್ಲಿ ಇನ್ನೊಬ್ಬ ಎದ್ದ. "ನನಗೂ ನಿದ್ದಿ ಭಾಳ ಬರ್ತೈತ್ರಿ ಅಕ್ಕೋರೇ. ಅದೂ ನನ್ನ ಅಗತ್ಯ ಅಲ್ಲೇನ್ರಿ?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಅವನ ಪ್ರಶ್ನೆ ತಮಾಷೆಯದಲ್ಲ. ಅಗತ್ಯ ಯಾವುದು, ಆಸೆ ಯಾವುದು, ಅದನ್ನು ತೀರ್ಮಾನ ಮಾಡುವವರು ಯಾರು? ಅಂದು ಮಕ್ಕಳೇ ಒಂದು ನಿಯಮ ಮಾಡಿದರು. ಮನೆಗೆಲಸದಿಂದ ತಡವಾದವನು ಹೊರಗೆ ನಿಲ್ಲುವುದು ಬೇಡ, ಆದರೆ ತಪ್ಪಿದ ಪಾಠವನ್ನು ಪಕ್ಕದವನ ನೋಟ್ಸ್ ನೋಡಿ ಬರೆದು ತೋರಿಸಬೇಕು. ನಿದ್ದೆಯವನಿಗೆ ಬಾಗಿಲ ಹೊರಗೇ ಜಾಗ. ಎಮ್ಮೆ ಹುಡುಗನನ್ನು "ನಿನಗೆ ಒಪ್ಪಿಗೆಯಾ" ಎಂದು ಕೇಳಿದೆ. ಒಂದು ತಿದ್ದುಪಡಿ ಹೇಳಿದ: ಮೊದಲ ಪೀರಿಯಡ್ ಗಣಿತ ಬೇಡ, ಕೊನೆಗೆ ಹಾಕಿ. ಹೆಡ್‌ಮಾಸ್ಟರ್ ಒಪ್ಪಲು ಸ್ವಲ್ಪ ದಿನ ಹಿಡಿಯಿತು, ಕೊನೆಗೆ ಒಪ್ಪಿದರು.

ಆ ತಿದ್ದುಪಡಿ ಗಮನಿಸಿ. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಕಷ್ಟ ಯಾರದೋ ಅವರನ್ನೇ ಕೇಳಬೇಕು.

ಇನ್ನೊಂದು ಮಾತು. ತರಬೇತಿಗಳಲ್ಲಿ ಈಚೆಗೆ ಸಮಾನತೆಯನ್ನು ದಡ್ಡ ಅಣ್ಣನ ಹಾಗೆ, ಸಮತೆಯನ್ನು ಜಾಣ ತಮ್ಮನ ಹಾಗೆ ತೋರಿಸುವುದು ಶುರುವಾಗಿದೆ. ನನಗೆ ಅದು ಹಿಡಿಸುವುದಿಲ್ಲ. ಮತ ಎಲ್ಲರಿಗೂ ಒಂದೇ. ಅಲ್ಲಿ ಅಗತ್ಯ ನೋಡಿ ಎರಡು ಕೊಡಿ ಅನ್ನುವ ಹಾಗಿಲ್ಲ. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದೇ ಜಾಗದಲ್ಲಿ. ರಾಜಕೀಯದಲ್ಲಿ ಒಬ್ಬರಿಗೆ ಒಂದು ಮತ, ಒಂದು ಬೆಲೆ. ಸಮಾಜದಲ್ಲಿ, ಸಂಪತ್ತಿನಲ್ಲಿ ಮಾತ್ರ ಮೊದಲಿನ ಹಾಗೇ ಅಸಮಾನತೆ. ಈ ವಿರೋಧವನ್ನು ಬೇಗ ಹೋಗಲಾಡಿಸದಿದ್ದರೆ ಕಟ್ಟಿದ್ದೇ ಬಿದ್ದೀತು ಎಂದರು. ಒಂದೇ ಬೆಲೆ ಸಿಗಲಿ ಅಂತಲೇ ಕೆಲವರಿಗೆ ಹೆಚ್ಚು ಕೊಡುವುದು. ಇದು ತಲೆಕೆಳಗಾದರೆ ಕಷ್ಟ.

ನಿಮ್ಮೂರಿನದೇ ಒಂದು ಉದಾಹರಣೆ ಇದೆ, ಬಿಡಬೇಡಿ. ಶಾಲೆಯಲ್ಲಿ ತತ್ತಿ ಕೊಡುವುದು 2021ರ ಡಿಸೆಂಬರ್‌ನಲ್ಲಿ ಶುರುವಾದಾಗ ಇಡೀ ರಾಜ್ಯಕ್ಕೆ ಕೊಡಲಿಲ್ಲ. ಅಪೌಷ್ಟಿಕತೆ ಜಾಸ್ತಿ ಇದ್ದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳಿಗೆ ಮೊದಲು ಬಂತು. ಆಮೇಲೆ ಉಳಿದ ಜಿಲ್ಲೆಗಳಿಗೂ ಹೋಯಿತು. ತತ್ತಿ ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ. "ತುಮಕೂರಿನ ಹುಡುಗರಿಗಿಂತ ಮೊದಲು ನಿಮಗೆ ಯಾಕೆ ಬಂತು?" ಎಂದು ಕೇಳಿ ನೋಡಿ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಒಂದು ಚಿತ್ರ ಓಡಾಡುತ್ತದೆ. ಬೇಲಿಯ ಆಚೆ ಮ್ಯಾಚ್ ನಡೆಯುತ್ತಿದೆ, ಈಚೆ ಪೆಟ್ಟಿಗೆಗಳ ಮೇಲೆ ಮೂವರು ನಿಂತಿದ್ದಾರೆ. ಗಿಡ್ಡನಿಗೆ ಎರಡು ಪೆಟ್ಟಿಗೆ ಕೊಟ್ಟರೆ ಸಮತೆ ಎಂದು ಬರೆದಿರುತ್ತದೆ. ಅದನ್ನು ತೋರಿಸಿದರೆ ಸಾಕಲ್ವಾ?
(ಶಿಕ್ಷಕ, ಹಾಸನ)

ಉತ್ತರ: ತೋರಿಸಬಹುದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು 2012ರಲ್ಲಿ ಮಾಡಿದ ಚಿತ್ರ ಅದು, ಆಮೇಲೆ ಜನ ತಮಗೆ ಬೇಕಾದ ಹಾಗೆ ತಿದ್ದಿಕೊಂಡರು. ನನ್ನ ತಕರಾರು ಎರಡು. ಒಂದು, ನಿಮ್ಮ ತರಗತಿಯ ಅತಿ ಗಿಡ್ಡ ಹುಡುಗನಿಗೆ ಅಂದಿನಿಂದ "ಎರಡು ಪೆಟ್ಟಿಗೆ" ಎಂದು ಹೆಸರು ಬೀಳುತ್ತದೆ. ಇನ್ನೊಂದು, ಕೊರತೆ ಮಗುವಿನ ಮೈಯಲ್ಲೇ ಇದೆ ಎಂದು ಆ ಚಿತ್ರ ಹೇಳುತ್ತದೆ. ಡೇರಿಗೆ ಹಾಲು ಹಾಕಿ ಬರುವ ಹುಡುಗ ಗಿಡ್ಡ ಅಲ್ಲ, ಅವನು ನಿಂತ ನೆಲ ತಗ್ಗು. ತೋರಿಸಲೇಬೇಕಾದರೆ ಒಂದೇ ಎತ್ತರದ ಮೂವರನ್ನು ಇಳಿಜಾರಿನಲ್ಲಿ ನಿಲ್ಲಿಸಿ ನೀವೇ ಬೋರ್ಡಿನ ಮೇಲೆ ಬರೆಯಿರಿ. ಚಿತ್ರ ಸೊಟ್ಟಗಿದ್ದರೂ ಪರವಾಗಿಲ್ಲ.

ಪ್ರಶ್ನೆ: ಮೇಡಂ, ಮಗಳಿಗೆ ಎರಡು ವರ್ಷ ಕೋಚಿಂಗ್ ಕೊಡಿಸಿದೆವು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂತು. ಆದರೂ ಅವಳು ಬಯಸಿದ ಕಾಲೇಜು ಸಿಗಲಿಲ್ಲ. ಅವಳಿಗಿಂತ ಕೆಳಗಿನ ರ‍್ಯಾಂಕಿನ ಹುಡುಗನಿಗೆ ಗ್ರಾಮೀಣ ಕೋಟಾದಲ್ಲಿ ಸಿಕ್ಕಿತು. "ಶಾಲೆಯಲ್ಲಿ ಎಲ್ಲರೂ ಸಮಾನರು ಅಂತ ಹೇಳಿಕೊಟ್ರಲ್ಲ" ಎಂದು ಅಳುತ್ತಾಳೆ. ಏನು ಹೇಳಲಿ?
(ತಂದೆ, ಮೈಸೂರು)

ಉತ್ತರ: ಮೊದಲು ಅಳಲು ಬಿಡಿ ಸರ್. ಓದಿದ ಮಗುವಿಗೆ ಬೇಸರ ಆಗಿಯೇ ಆಗುತ್ತದೆ, ಆ ಹೊತ್ತಿಗೆ ಸಾಮಾಜಿಕ ನ್ಯಾಯದ ಪಾಠ ಬೇಡ.

ವಾರ ಕಳೆದ ಮೇಲೆ ಕೂತು ಮಾತಾಡಿ. ಸಿಇಟಿಯಲ್ಲಿ ಶೇ 15ರಷ್ಟು ಸೀಟು ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ಇದೆ. ಕನ್ನಡ ಮಾಧ್ಯಮದವರಿಗೆ ಶೇ 5. ನಿಮ್ಮ ಪತ್ರದ ಮೊದಲ ವಾಕ್ಯವನ್ನೇ ಇನ್ನೊಮ್ಮೆ ಓದಿ. ಎರಡು ವರ್ಷದ ಕೋಚಿಂಗ್ ನಿಮ್ಮ ಮನೆಯ ರ‍್ಯಾಂಕಿನಲ್ಲಿ ಸೇರಿದೆ. ಆ ಹುಡುಗನ ರ‍್ಯಾಂಕಿನಲ್ಲಿ ಬಹುಶಃ ಇಲ್ಲ. ಇದನ್ನು ಚುಚ್ಚಲು ಹೇಳುತ್ತಿಲ್ಲ. ಮಗಳ ಶ್ರಮ ಅವಳದೇ, ಆ ಹುಡುಗ ಅದರಿಂದ ಏನನ್ನೂ ಕದ್ದಿಲ್ಲ.

ನೀವು ಮೈಸೂರಿನವರು. ಈ ಜಗಳದ ದೊಡ್ಡ ಅಧ್ಯಾಯ ನಿಮ್ಮ ಊರಲ್ಲೇ ನಡೆದದ್ದು ಮಗಳಿಗೆ ಗೊತ್ತಾ? ಸಂಸ್ಥಾನದ ನೌಕರಿಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿವೆ ಎಂಬ ದೂರು ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಎಂದು ಸಮಿತಿ 1919ರಲ್ಲಿ ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅರ್ಹತೆ ನೋಡಿಯೇ ಹುದ್ದೆ ಕೊಡಬೇಕು, ಹಿಂದುಳಿದವರಿಗೆ ಓದು ಕೊಟ್ಟು ಮೇಲೆತ್ತಬೇಕು ಎಂಬುದು ಅವರ ನಿಲುವು. ಸಮಿತಿಯ ವರದಿ ಬರುವ ಮೊದಲೇ, 1918ರಲ್ಲಿ ದಿವಾನಗಿರಿ ಬಿಟ್ಟರು.

ಮಗಳಿಗೆ ಎರಡೂ ಕಡೆಯ ವಾದ ಹೇಳಿ. ವಿಶ್ವೇಶ್ವರಯ್ಯನವರು ಬಾಯಿಮಾತಿಗೆ ಹೇಳಿದವರಲ್ಲ. 1913ರ ಪ್ರಾಥಮಿಕ ಶಿಕ್ಷಣದ ಕಾಯ್ದೆ, 1916ರ ಮೈಸೂರು ವಿಶ್ವವಿದ್ಯಾಲಯ ಎರಡೂ ಅವರ ಕಾಲದವು. ಆದರೆ ಇವತ್ತು ಶಾಲೆ ತೆರೆದರೆ ಅಲ್ಲಿನ ಮಗು ಹುದ್ದೆಗೆ ಬರಲು ಇಪ್ಪತ್ತು ವರ್ಷ ಬೇಕು. ಅಷ್ಟು ವರ್ಷ ಕಚೇರಿಯಲ್ಲಿ ಕೂತು ತೀರ್ಮಾನ ಮಾಡುವವರು ಹಳಬರೇ. ಅದಕ್ಕೇ ನಾನು ಒಡೆಯರ ಕಡೆ. ನಿಮ್ಮ ಮಗಳು ದಿವಾನರ ಕಡೆ ನಿಂತರೂ ಅಡ್ಡಿಯಿಲ್ಲ, ಕಾರಣ ಕೊಟ್ಟು ನಿಲ್ಲಲಿ.

ಕೋಟಾದಲ್ಲಿ ಲೋಪವೇ ಇಲ್ಲ ಎಂದು ಮಾತ್ರ ಹೇಳಬೇಡಿ. ನಿಮ್ಮದೇ ನಗರದ ಕೊಳೆಗೇರಿಯ ಮಗುವಿಗೆ ಈ ಶೇ 15ರಲ್ಲಿ ಜಾಗವಿಲ್ಲ. ಗಡಿ ಎಳೆದಾಗ ಯಾರೋ ಒಬ್ಬರು ಗೆರೆಯ ತಪ್ಪು ಬದಿಯಲ್ಲಿ ಉಳಿಯುತ್ತಾರೆ.

ಪ್ರಶ್ನೆ: ನಾನು ಹತ್ತನೇ ತರಗತಿ. ಬಸ್ಸಿನಲ್ಲಿ ಶಾಲೆಗೆ ಹೋಗುತ್ತೇನೆ. ನಮ್ಮಪ್ಪ ಕೂಲಿ. ನಾನು ದುಡ್ಡು ಕೊಟ್ಟು ಪಾಸ್ ಮಾಡಿಸಬೇಕು. ನಮ್ಮ ಕ್ಲಾಸಿನಲ್ಲಿ ಅಂಗಡಿ ಸಾಹುಕಾರರ ಮಗಳು ಫ್ರೀಯಾಗಿ ಬರುತ್ತಾಳೆ. ಇದು ಸಮಾನತೆಯೂ ಅಲ್ಲ, ಸಮತೆಯೂ ಅಲ್ಲ ಅಲ್ವಾ ಮೇಡಂ?
(ವಿದ್ಯಾರ್ಥಿ, ಶಿರಾ ತಾಲ್ಲೂಕು)

ಉತ್ತರ: ಶಭಾಷ್ ಮರೀ. ಈ ತಿಂಗಳ ಒಳ್ಳೆಯ ಪ್ರಶ್ನೆ ನಿನ್ನದು.

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಇಲ್ಲಿನ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಆದಾಯ ನೋಡುವುದಿಲ್ಲ. ನೋಡಬೇಕಿತ್ತಾ? ಹಾಗಾದರೆ ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ ಬಿಪಿಎಲ್ ಕಾರ್ಡು ಕೇಳಬೇಕು, ತುಂಬಿದ ಬಸ್ಸಿನಲ್ಲಿ ಬಡವರು "ನಾನು ಬಡವಿ" ಎಂದು ತೋರಿಸಿಕೊಳ್ಳಬೇಕು. ಹಾಗಾಗಿ ಇಡೀ ಗುಂಪಿಗೆ ಕೊಟ್ಟರು. ಸಂವಿಧಾನದ 15ನೇ ವಿಧಿಯ ಮೂರನೇ ಖಂಡ ಮಹಿಳೆಯರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಬಹುದು ಎನ್ನುತ್ತದೆ. ಮನೆಯಲ್ಲಿ ಒಬ್ಬರ ಬಸ್ಸಿಗಷ್ಟೇ ದುಡ್ಡಿದ್ದರೆ ಯಾರು ಮನೆಯಲ್ಲಿ ಉಳಿಯುತ್ತಾರೆ? ನಿನ್ನ ಓಣಿಯಲ್ಲೇ ಕೇಳಿ ನೋಡು, ಅಕ್ಕನೋ ತಮ್ಮನೋ ಅಂತ.

ಹೀಗಂತ ನಿನ್ನ ಲೆಕ್ಕ ತಪ್ಪಲ್ಲ. ಸಾಹುಕಾರರ ಮಗಳಿಗೆ ಬೇಕಿಲ್ಲದ್ದು ಸಿಕ್ಕಿತು, ನಿನಗೆ ಬೇಕಾದದ್ದು ಸಿಗಲಿಲ್ಲ. ಗುಂಪು ನೋಡಿ ಕೊಡುವಾಗ ಹೀಗೆ ಆಗುತ್ತದೆ. ಸಿಟ್ಟು ಅವಳ ಮೇಲೆ ಬೇಡ. ಶಾಲಾ ಮಕ್ಕಳಿಗೆಲ್ಲ ಉಚಿತ ಪಾಸ್ ಬೇಕು ಎಂದು ನಿನ್ನ ತರಗತಿಯಿಂದ ಶಾಸಕರಿಗೆ ಒಂದು ಅರ್ಜಿ ಬರೆಯಿರಿ. ಅವಳ ಸಹಿಯನ್ನೂ ಹಾಕಿಸು.

ಪ್ರಶ್ನೆ: ಸ್ಕಾಲರ್‌ಶಿಪ್ ಅರ್ಜಿಯ ಕಾಲ ಬಂದರೆ ತಲೆನೋವು. "ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ" ಎಂದರೆ ಕೆಲವರು ಏಳುವುದೇ ಇಲ್ಲ. ಉಳಿದವರು "ಅವರಿಗೆ ದುಡ್ಡು ಬರುತ್ತೆ" ಎಂದು ರೇಗಿಸುತ್ತಾರೆ. ರೇಗಿಸುವವರಿಗೆ ಸಮತೆಯ ಪಾಠ ಹೇಗೆ ಮಾಡಲಿ?
(ಶಿಕ್ಷಕಿ, ದಾವಣಗೆರೆ ಜಿಲ್ಲೆ)

ಉತ್ತರ: ಪಾಠ ಆಮೇಲೆ. ಎದ್ದು ನಿಲ್ಲಿಸುವುದನ್ನು ನಾಳೆಯೇ ನಿಲ್ಲಿಸಿ.

ಖಾರವಾಯಿತೇನೋ, ಆದರೂ ಹೇಳುತ್ತೇನೆ. ನಾನಿದ್ದ ಒಂದು ಶಾಲೆಯಲ್ಲಿ ಎಂಟನೇ ತರಗತಿಯ ಒಬ್ಬಳನ್ನು ಹೀಗೆ ಕರೆದಾಗ ಅವಳು ಜಾಮಿಟ್ರಿ ಬಾಕ್ಸ್ ತೆರೆದು ಮುಚ್ಚಿ, ತೆರೆದು ಮುಚ್ಚಿ ಕೂತಳು. ಹೆಸರು ಮತ್ತೆ ಕೂಗಿದರೆ "ನನಗೆ ಬೇಡ ಮಿಸ್" ಎಂದಳು. ಆ ವರ್ಷದ ಹಣ ಅವಳಿಗೆ ಬರಲಿಲ್ಲ. ಮಾರ್ಚ್‌ನಲ್ಲಿ ಅವರಪ್ಪ ಪಾಸ್‌ಬುಕ್ ಹಿಡಿದುಕೊಂಡು ವಿಚಾರಿಸಲು ಬಂದರು. ಮಗಳು ಬೇಡ ಎಂದದ್ದು ಅವರಿಗೆ ಗೊತ್ತೇ ಇರಲಿಲ್ಲ.

ಕೆಲಸ ಹೀಗೆ ಮಾಡಿ ನೋಡಿ. ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮಕ್ಕಳಿಗೂ ವಿದ್ಯಾರ್ಥಿವೇತನ ಇದೆ ಅಲ್ವಾ? ಹಾಗಾಗಿ ಇಡೀ ತರಗತಿಗೆ ಒಂದೇ ಚೀಟಿ ಕೊಡಿ: ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಮಡಚಿದ ಕವರಿನಲ್ಲಿ, ಮೇಲೆ ರೋಲ್ ನಂಬರ್ ಮಾತ್ರ. ಯಾರು ಯಾವುದಕ್ಕೆ ಅರ್ಹರು ಎಂದು ಎಸ್‌ಎಸ್‌ಪಿ ಪೋರ್ಟಲ್ (ರಾಜ್ಯದ ವಿದ್ಯಾರ್ಥಿವೇತನದ ಜಾಲತಾಣ) ಮುಂದೆ ಕೂತಾಗ ನೀವು ನೋಡಿಕೊಳ್ಳಿ. ಕವರ್ ತರದವರ ಮನೆಗೆ ಫೋನ್ ಮಾಡಿ. ಕೆಲಸ ಜಾಸ್ತಿ ಆಗುತ್ತದೆ, ನಿಜ.

ರೇಗಿಸುವವರಿಗೆ ಪಾಠ ಬೇಕೇ ಬೇಕು ಎಂದರೆ ದುಡ್ಡಿನಿಂದ ಶುರು ಮಾಡಬೇಡಿ. ಕೆರೆ, ಬಾವಿ, ಕಟಿಂಗ್ ಅಂಗಡಿ, ದೇವಸ್ಥಾನದ ಮೆಟ್ಟಿಲು, ಇವುಗಳಿಂದ ಶುರು ಮಾಡಿ. ಯಾವುದನ್ನು ಎಷ್ಟು ಕಾಲ ಒಂದೇ ಸಮ ಕೊಡಲಿಲ್ಲ ಎಂದು ತಿಳಿದ ಮೇಲೆ ಸ್ಕಾಲರ್‌ಶಿಪ್ಪಿನ ಮಾತಿಗೆ ಬನ್ನಿ. ತಿರುಗಿಸಿ ಹೇಳಿದರೆ ಅದು ದಾನದ ಹಾಗೆ ಕೇಳಿಸುತ್ತದೆ.

ಪ್ರಶ್ನೆ: ಮಗನಿಗೆ ಡಿಸ್ಲೆಕ್ಸಿಯಾ (ಓದುವುದು, ಬರೆಯುವುದು ಕಷ್ಟವಾಗುವ ತೊಂದರೆ) ಇದೆ, ಪ್ರಮಾಣಪತ್ರವೂ ಇದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ. "ಅಷ್ಟು ಹೊತ್ತು ಕೊಟ್ಟರೆ ನಮ್ಮವನೂ ರ‍್ಯಾಂಕ್ ಬರುತ್ತಿದ್ದ" ಎಂದು ಇತರ ತಾಯಂದಿರು ಅನ್ನುತ್ತಾರೆ.
(ತಾಯಿ, ತುಮಕೂರು)

ಉತ್ತರ: ಅನ್ನಲಿ ಬಿಡಿ ತಾಯಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ತೊಂದರೆಗಳಲ್ಲಿ ಕಲಿಕೆಯ ತೊಂದರೆಯೂ ಒಂದು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಪ್ರಶ್ನೆ ಪತ್ರಿಕೆ ಅದೇ. ಅವನ ತಿಳಿವಳಿಕೆ ಅಳೆಯಲು ಕೂತವರು ಅವನ ಓದಿನ ವೇಗ ಅಳೆದು ಎದ್ದು ಹೋಗಬಾರದು, ಅಷ್ಟಕ್ಕೆ ಈ ಗಂಟೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಒಬ್ಬ ಯುಪಿಎಸ್‌ಸಿ ಅಭ್ಯರ್ಥಿಗೆ 2021ರಲ್ಲಿ ಸುಪ್ರೀಂ ಕೋರ್ಟ್ ಬರೆಯುವ ಸಹಾಯಕನನ್ನು ಕೊಡಿಸಿತು. ಆ ತಾಯಂದಿರಿಗೆ ತೀರ್ಪು ತೋರಿಸುವ ಬದಲು ಮಗನ ಟೀಚರಿಗೆ ತೋರಿಸಿ, ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಈ ಪಾಠದ ಮೇಲೆ ಕಿರುಪರೀಕ್ಷೆಯಲ್ಲಿ ಏನು ಕೇಳಬಹುದು? "ವ್ಯತ್ಯಾಸ ಬರೆಯಿರಿ" ಎಂದರೆ ಗೈಡ್ ನೋಡಿ ಬರೆಯುತ್ತಾರೆ.
(ಶಿಕ್ಷಕ, ಸಾಗರ)

ಉತ್ತರ: ನಿಮ್ಮದು ಮಳೆಯ ಊರು, ಅದನ್ನೇ ಕೇಳಿ. "ಶಾಲೆಗೆ 20 ಛತ್ರಿ ದಾನ ಬಂದಿವೆ. ಮಕ್ಕಳು 45. ಯಾರಿಗೆ ಕೊಡುತ್ತೀರಿ, ಯಾಕೆ? ಸಿಗದವರಿಗೆ ಏನು ಹೇಳುತ್ತೀರಿ?" ದೂರದಿಂದ ನಡೆದು ಬರುವವರಿಗೆ ಎಂದು ಒಬ್ಬಳು ಬರೆಯುತ್ತಾಳೆ, ಸಣ್ಣವರಿಗೆ ಎಂದು ಇನ್ನೊಬ್ಬ, ಇಬ್ಬರಿಗೊಂದು ಎಂದು ಮತ್ತೊಬ್ಬ. ಲಾಟರಿ ಎತ್ತುತ್ತೇನೆ ಅನ್ನುವವನೂ ಇರುತ್ತಾನೆ, ಅವನ ಕಾರಣ ಗಟ್ಟಿಯಾಗಿದ್ದರೆ ಅವನಿಗೂ ಪೂರ್ತಿ ಅಂಕ ಕೊಡಿ. ಮೂರನೇ ಪ್ರಶ್ನೆಗೆ ಎರಡು ಅಂಕ ಜಾಸ್ತಿ ಇಡಿ, ಮಕ್ಕಳು ಅದನ್ನೇ ಖಾಲಿ ಬಿಟ್ಟು ಬರುವುದು ಜಾಸ್ತಿ.

(ಪ್ರಶ್ನೆ ಕಳುಹಿಸುವವರು ಹಾಳೆಯ ಒಂದೇ ಬದಿಗೆ ಬರೆಯಿರಿ. ಊರಿನ ಹೆಸರು ಹಾಕಿ, ನಿಮ್ಮ ಹೆಸರು ಬೇಡವೆಂದರೆ ಬೇಡ ಎಂದು ತಿಳಿಸಿ.)